ಮುಖವೇ ಇಲ್ಲದ ಶೇಮ್‌ಫೇಸ್ಡ್

ಅನುವಾದ ನನ್ನ ಕಸುಬು. ಒಮ್ಮೆ 17ನೇ ಶತಮಾನದ ಇಂಗ್ಲಿಷ್ ಪ್ರವಚನವೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ 'ಶೇಮ್‌ಫೇಸ್ಡ್' ಹುಡುಗನೊಬ್ಬ ಎದುರಾದ. ಶೇಮ್ ಅಂದ್ರೆ ನಾಚಿಕೆ, ಫೇಸ್ ಅಂದ್ರೆ ಮುಖ. ಇದರಲ್ಲೇನಿದೆ ಕಷ್ಟ ಅಂದುಕೊಂಡು 'ನಾಚಿಕೆಯಿಂದ ತಲೆ ತಗ್ಗಿಸಿದ ಹುಡುಗ' ಎಂದು ಬರೆದೆ. ಎರಡು ಸಾಲು ದಾಟಿದ ಮೇಲೆ ಅನುಮಾನ ಶುರುವಾಯಿತು. ಪ್ರವಚನಕಾರ ಆ ಹುಡುಗನನ್ನು ಹೊಗಳುತ್ತಿದ್ದಾನೆ! ತಪ್ಪೇ ಮಾಡದವನು ತಲೆ ಯಾಕೆ ತಗ್ಗಿಸಬೇಕು?

ನಿಘಂಟು ತೆಗೆದೆ. ಈ ಪದದಲ್ಲಿ ಮೊದಲು ಮುಖವೇ ಇರಲಿಲ್ಲ. ಅದು 'ಶೇಮ್‌ಫಾಸ್ಟ್'. ಬೇರು ಹಳೆಯ ಇಂಗ್ಲಿಷಿನಷ್ಟು ಹಿಂದಿನದು. ಈ ಫಾಸ್ಟ್‌ಗೂ ವೇಗಕ್ಕೂ ಸಂಬಂಧವಿಲ್ಲ. ಇದು ಬಿಗಿ, ಗಟ್ಟಿ ಎನ್ನುವ ಫಾಸ್ಟ್. ಸೀರೆ ಅಂಗಡಿಯಲ್ಲಿ 'ಫಾಸ್ಟ್ ಕಲರ್ ಮೇಡಂ, ಬಣ್ಣ ಬಿಡಲ್ಲ' ಅಂತಾರಲ್ಲ, ಅದೇ. 'ಸ್ಟೆಡ್‌ಫಾಸ್ಟ್'ನಲ್ಲೂ ಇರುವುದು ಇದೇ. ಅಲ್ಲಿ ಸ್ಟೆಡ್ ಅಂದ್ರೆ ಜಾಗ, ನಿಂತಲ್ಲಿಂದ ಕದಲದವನು ಎಂದರ್ಥ. ಹಾಗೆಯೇ ಶೇಮ್‌ಫಾಸ್ಟ್ ಎಂದರೆ ನಾಚಿಕೆಯ ಬಿಗಿ ಹಿಡಿತದಲ್ಲಿರುವವನು, ಅಂದರೆ ಅಡ್ಡದಾರಿಗೆ ಕಾಲಿಡದವನು.

ನಾಚಿದಾಗ ಕೆಂಪಾಗುವುದು ಮುಖ ತಾನೆ? 16ನೇ ಶತಮಾನದ ನಡುವೆ ಫಾಸ್ಟ್ ಇದ್ದ ಕಡೆ ಫೇಸ್ಡ್ ಬಂದು ಕೂತಿತು. ಬೈಬಲ್ಲಿನಲ್ಲಿ ಈ ಜಗ್ಗಾಟ ಕಣ್ಣಿಗೇ ಕಾಣುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಹೆಂಗಸರ ಉಡುಗೆಯ ಮಾತು ಬಂದಾಗ 'ಶೇಮ್‌ಫಾಸ್ಟ್‌ನೆಸ್' ಎಂದಿತ್ತು. ಆಮೇಲಿನ ಮುದ್ರಣಗಳಲ್ಲಿ ಅದು 'ಶೇಮ್‌ಫೇಸ್ಡ್‌ನೆಸ್' ಆಯಿತು. 1881ರಲ್ಲಿ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸಿದ ಪಂಡಿತರು ಹಟ ಹಿಡಿದು ಹಳೆಯದನ್ನೇ ವಾಪಸ್ ತಂದರು. ಜನ ಕೇಳಬೇಕಲ್ಲ! ಅಷ್ಟರಲ್ಲಿ ಅರ್ಥವೂ ಜಾರಿತ್ತು. ಇವತ್ತು ಶೇಮ್‌ಫೇಸ್ಡ್ ಅಂದ್ರೆ ತಪ್ಪು ಮಾಡಿ ಸಿಕ್ಕಿಬಿದ್ದು ಪೆಚ್ಚುಮೋರೆ ಹಾಕಿಕೊಂಡವನು.

'ಬೆಡ್‌ರಿಡನ್' ಕಥೆಯೂ ಸುಮಾರು ಇದೇ. ಹಳೆಯ ಇಂಗ್ಲಿಷಿನಲ್ಲಿ ಅದು 'ಹಾಸಿಗೆ ಸವಾರ' ಎನ್ನುವ ನಾಮಪದ. ನಮ್ಮಲ್ಲಿ ಕಾಯಿಲೆಯವರು ಹಾಸಿಗೆ ಹಿಡಿಯುತ್ತಾರೆ, ಅಲ್ಲಿ ಸವಾರಿ ಮಾಡುತ್ತಿದ್ದರು.

ಹಳೆಯ ಪಠ್ಯದಲ್ಲಿ ಇಂಥ ಜೋಡುಪದ ಸಿಕ್ಕರೆ ನಾನೀಗ ಮೊದಲು ಬರೆದ ಕಾಲ ನೋಡುತ್ತೇನೆ, ಬಿಡಿಸಿ ಅರ್ಥ ಮಾಡುವುದು ಆಮೇಲೆ. ಆ ಹುಡುಗನಿಗೆ ಮಾತ್ರ ಜಾಸ್ತಿ ತಡಕಾಡಬೇಕಾಗಲಿಲ್ಲ. ನನ್ನ ಸಾಲನ್ನು ಹೊಡೆದುಹಾಕಿ 'ಮಾನಕ್ಕೆ ಅಂಜುವ ಹುಡುಗ' ಎಂದು ಬರೆದೆ.