ಬೆಟ್ಟ ಹತ್ತದೆ ತೋಟದ ಮನೆ ನೋಡಿದಂತಾಗದು

ಶಿರಸಿ ಸೀಮೆಯ ಹಳೆಯ ಮನೆ, ಅಡಿಕೆ ತೋಟ ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಜಗಲಿಯ ಕಂಬ, ಮೆತ್ತಿನ (ಮಹಡಿಯ) ಮರಗೆಲಸ ನೋಡಿ, ತೋಟದೊಳಗೆ ಒಂದು ಸುತ್ತು ಹಾಕಿ, ಹೊಳೆಗಿಳಿದು ಬಂದು ಹೊರಡುತ್ತಾರೆ. ಮನೆಯ ಹಿಂದಿನ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿಗೆ, ಹೋಗುವವರು ಕಡಿಮೆ. ಮನೆ ಅಲ್ಲೇ ಏಕೆ ಕಟ್ಟಿದರು, ಇನ್ನೆಷ್ಟು ಕಾಲ ನಿಂತೀತು ಎನ್ನುವುದೆಲ್ಲ ತಿಳಿಯುವುದು ಆ ಬೆಟ್ಟದಲ್ಲಿ.

ಅಘನಾಶಿನಿ ಹೊಳೆಗೆ ಎರಡು ಮೂಲ: ಮಂಜುಗುಣಿ ಕಡೆಯದೊಂದು, ಶಿರಸಿ ಪೇಟೆಯ ಶಂಕರಹೊಂಡದ್ದೊಂದು. ಹೊಳೆಗೆ ಬಂದು ಸೇರುವ ಸಣ್ಣ ಹಳ್ಳಗಳ ಕಿರುಕಣಿವೆಗಳೇ ಹಳೆಯ ತೋಟಗಳ ನೆಲೆ. ಪಂಪ್ ಇಲ್ಲದ ಕಾಲದಲ್ಲಿ ನೀರು ತಾನಾಗಿ ಇಳಿದು ಬರುವಲ್ಲಿ ಮಾತ್ರ ಅಡಿಕೆ ಬದುಕುತ್ತಿತ್ತು. ಅಡಿಕೆ ಮರಕ್ಕೆ ಇಳಿಹೊತ್ತಿನ ಬಿಸಿಲು ಆಗದು. ನೈರುತ್ಯದಿಂದ ಬಿದ್ದರೆ ಕಾಂಡ ಸುಟ್ಟು ಸೀಳುತ್ತದೆ. ಕಣಿವೆಯ ನೆರಳು ಅದನ್ನೂ ತಡೆಯುತ್ತಿತ್ತು. ಮನೆ ಮಾತ್ರ ತೋಟದ ತಲೆಯ ಮೇಲೆ, ನೆರೆ ಮುಟ್ಟದ ಎತ್ತರದಲ್ಲಿ. ಬೆಟ್ಟದ ಅಬ್ಬಿಯ, ಅಂದರೆ ಒರತೆಯ, ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಬಚ್ಚಲಿಗೆ ತಂದುಕೊಂಡರೆ ಬಾವಿಯ ಹಂಗೂ ಇಲ್ಲ.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಸೋಂದಾ, ಶಿರಸಿಗಳ ಮೇಲೆ ಹಾದುಹೋಗುವಾಗಲೇ ಇಲ್ಲಿ ಅಡಿಕೆ, ಮೆಣಸಿನ ತೋಟಗಳು ನೆಲೆಯೂರಿದ್ದವು. ಆಗ ಬೆಟ್ಟದಿಂದ ಸೊಪ್ಪು ತರುವುದು ರೂಢಿಯ ಮಾತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಒಂದೊಂದಾಗಿ ಸರ್ಕಾರದ ಮೀಸಲಾಯಿತು. ಸೊಪ್ಪಿಲ್ಲದೆ ತೋಟವಿಲ್ಲ ಎಂದು ಬೆಳೆಗಾರರು ಪಟ್ಟು ಹಿಡಿದರು. ಕೊನೆಗೆ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಲೆಕ್ಕ ನಿಂತಿತು. ನೆಲ ಸರ್ಕಾರದ್ದು, ಸೊಪ್ಪು ತೋಟಿಗರದ್ದು. ಈ ಅರೆಬರೆ ಹಕ್ಕಿನಲ್ಲೇ ಇಂದಿನ ತೊಡಕೆಲ್ಲ ಇದೆ: ಕಡಿಯುವ ಅಧಿಕಾರ ಒಬ್ಬರಿಗೆ, ಬೆಳೆಸುವ ಹೊಣೆ ಸ್ಪಷ್ಟವಾಗಿ ಯಾರಿಗೂ ಇಲ್ಲ.

ಬೆಟ್ಟದ ಕೆಲಸಕ್ಕೆ ಒಂದು ಕ್ರಮವಿದೆ. ಬೇಸಿಗೆಯಲ್ಲಿ ಉದುರಿದ ಒಣ ಎಲೆ ಅಂದರೆ ದರಕು, ಮಳೆಗಾಲದಲ್ಲಿ ಮತ್ತಿ ಮೊದಲಾದ ಮರಗಳ ಹಸಿ ಸೊಪ್ಪು ಕೊಟ್ಟಿಗೆಗೆ ಬರುತ್ತದೆ. ದನದ ಕಾಲಡಿ ತುಳಿದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಟೊಂಗೆಯ ತುದಿ ಉಳಿಸಿ, ಮರಕ್ಕೆ ಒಂದೆರಡು ವರ್ಷ ಬಿಡುವು ಕೊಟ್ಟು ಕಡಿದರೆ ಬೆಟ್ಟ ಬಾಳುತ್ತದೆ. ವರ್ಷವೂ ನೆತ್ತಿ ಬೋಳಿಸಿದರೆ ಮರ ಹೂ ಬಿಡದು, ಬೀಜ ಬೀಳದು, ಸಸಿ ಏಳದು. ದರಕನ್ನು ಕೊನೆಯ ಎಲೆವರೆಗೆ ಗುಡಿಸಿದರೆ ಮಳೆ ನೇರ ಮಣ್ಣಿಗೆ ಹೊಡೆದು ನೀರು ಇಂಗದೆ ಓಡುತ್ತದೆ. ಖಾಲಿ ಜಾಗಕ್ಕೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗುತ್ತದೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಆಮೇಲೆ ಅಬ್ಬಿ ಮಾರ್ಚ್‌ಗೇ ಬತ್ತುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಕಾಡು ಕಡಿಯಬಾರದೆಂದು ಮರ ಅಪ್ಪಿಕೊಂಡರಲ್ಲ, ಆ ಹೋರಾಟದ ಹಿಂದೆ ಈ ನೀರಿನ ಚಿಂತೆಯೂ ಇತ್ತು.

ಪಂಪ್ ಬಂದಮೇಲೆ ಅಡಿಕೆ ಕಣಿವೆ ಬಿಟ್ಟು ಗದ್ದೆಗೂ ಹರಡಿತು. ಅದಕ್ಕೆಲ್ಲ ಸಾಲುವಷ್ಟು ಬೆಟ್ಟ ಮಾತ್ರ ಹೊಸದಾಗಿ ಹುಟ್ಟಲಿಲ್ಲ.

ಬೆಟ್ಟದಂತೆ ಮನೆಯೂ ಆರೈಕೆ ತಪ್ಪಿದರೆ ಬಾಳದು. ಗೋಡೆ ಮಣ್ಣಿನದು, ಚಾವಣಿ ಇಳಿಜಾರು. ಮಂಗಳೂರು ಹಂಚು ಬಂದದ್ದು 1865ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ಮೇಲೆ. ಮಳೆಗೆ ಮೊದಲು ಗಾಳಿ ಬೀಸುವ ದಿಕ್ಕಿಗೆ ಅಡಿಕೆ ಸೋಗೆಯ (ಗರಿಯ) ಮರೆ ಕಟ್ಟಬೇಕು, ಒಡೆದ ಹಂಚು ಬದಲಿಸಬೇಕು. ಒಂದೇ ಹಂಚಿನ ಸೋರಿಕೆ ಎರಡು ಮಳೆಗಾಲದಲ್ಲಿ ಹಂಚು ಹೊರುವ ಪಕಾಸಿ ಮರವನ್ನು ಕೊಳೆಸಬಲ್ಲದು. ಅದಕ್ಕಿಂತ ದೊಡ್ಡ ತಪ್ಪು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡುವುದು. ಒಳಗಿನ ಪಸೆ ಹೊರಗೆ ಹೋಗಲಾರದೆ ಗೋಡೆಯ ಬುಡ ಮೆತ್ತಗಾಗುತ್ತದೆ, ಗಿಲಾವು ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಹಳೆ ಮನೆ ಕೊಂಡು ಅತಿಥಿಗಳಿಗೆ ಅಣಿಗೊಳಿಸುವವರು ದಯವಿಟ್ಟು ಮಣ್ಣು, ಸುಣ್ಣವನ್ನೇ ಬಳಸಿ.

ನೋಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಅಡಿಕೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ಹಾಯುತ್ತ ಕೊನೆ (ಗೊನೆ) ಇಳಿಸುವುದು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು ಎಲ್ಲ ಕಾಣಸಿಗುತ್ತದೆ. ಚಾಲಿಗೆಂದು, ಅಂದರೆ ಸಿಪ್ಪೆಸಹಿತ ಒಣಗಿಸಿ ಸುಲಿಯುವ ಅಡಿಕೆಗೆಂದು, ಅಂಗಳದಲ್ಲಿ ಹರವಿದ ಹಣ್ಣಡಿಕೆ ಒಣಗಲು ನಲವತ್ತು ದಿನಕ್ಕೂ ಮೇಲೆ ಬೇಕು; ಅದರ ಮೇಲೆ ಕಾಲಿಡಬೇಡಿ. ಮಳೆಗಾಲದಲ್ಲಿ ಬಂದರೆ ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಜೊತೆಗಿರಲಿ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವುದೂ ಆಗಲೇ: 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ. ಆ ಹೊತ್ತಿನಲ್ಲಿ ಮರದಡಿ ನಿಲ್ಲಬಾರದು. ಬಸಿಗಾಲುವೆಯ ಅಂಚು ತುಳಿದರೆ ಮಣ್ಣು ಕುಸಿದು ಕಾಲುವೆ ಕಟ್ಟುತ್ತದೆ, ನಿಂತ ನೀರಿಗೆ ಬೇರು ಕೊಳೆಯುತ್ತದೆ. ಸಂಕ (ಕಾಲುಸೇತುವೆ) ಇದ್ದಲ್ಲೇ ದಾಟಿ. ಮನೆಯವರು ಆಸರಿಗೆ, ಅಂದರೆ ದಣಿವಾರಿಸಿ ಕುಡಿಯಲು, ಏನು ಬೇಕೆಂದು ಕೇಳಿದರೆ ಸಂಕೋಚ ಬೇಡ, ನೀರು-ಬೆಲ್ಲ ಸಾಕು ಎನ್ನಿ. ಆಮೇಲೆ ಬೆಟ್ಟದ ದಾರಿ ತೋರಿಸಲು ಕೇಳಿ, ಹತ್ತಿ ಬನ್ನಿ.