‘ಕಾಮನ್ ಪ್ರೇಯರ್’ ಅಂದರೆ ಸಾಧಾರಣ ಪ್ರಾರ್ಥನೆ ಅಲ್ಲ

ಇಂಗ್ಲೆಂಡಿನ ಇತಿಹಾಸದ ಕನ್ನಡ ನೋಟ್ಸ್ ಒಂದರಲ್ಲಿ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: ಬುಕ್ ಆಫ್ ಕಾಮನ್ ಪ್ರೇಯರ್, ಅಂದರೆ ಜನಸಾಮಾನ್ಯರಿಗಾಗಿ ಬರೆದ ಸರಳ ಪ್ರಾರ್ಥನೆಗಳ ಪುಸ್ತಕ. ಇಂಗ್ಲೆಂಡಿನ ಚರ್ಚುಗಳ ಆರಾಧನೆಗೆಂದು ಇಂಗ್ಲಿಷಿನಲ್ಲಿ ಬಂದ ಪುಸ್ತಕ ಅದು. ಅದಕ್ಕೆ ಈ ಅರ್ಥ ಕೊಟ್ಟಿದ್ದನ್ನು ಓದುತ್ತಿರುವುದು ನಾಲ್ಕನೇ ಸಲ. ಇನ್ನು ಸುಮ್ನೆ ಇರಲಾರೆ.

ಎಡವಟ್ಟು ಇರುವುದು ‘ಸಾಮಾನ್ಯ’ದಲ್ಲಿ. ಇವತ್ತು ಆ ಪದ ನಮ್ಮ ಕಿವಿಗೆ ‘ಅಂಥ ವಿಶೇಷವೇನಿಲ್ಲ’ ಅಂತಲೇ ಕೇಳಿಸುತ್ತದೆ. ಆದರೆ ಅದರ ಬೇರು ‘ಸಮಾನ’. ಹಲವರಿಗೆ ಒಂದೇ ಆಗಿರುವುದು ಸಾಮಾನ್ಯ. ಶಾಲೆಯ ಲ.ಸಾ.ಅ., ಅಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ, ನೆನಪಿದೆ ಅಲ್ವಾ? 4 ಮತ್ತು 6ರ ಲ.ಸಾ.ಅ. 12 ಎಂದಾಗ, ಪಾಪ 12 ತೀರಾ ಸಾಧಾರಣ ಸಂಖ್ಯೆ ಅಂತ ಯಾರೂ ತಿಳಿಯಲಿಲ್ಲ. ಅದು ಎರಡಕ್ಕೂ ಸೇರಿದ್ದು, ಅಷ್ಟೇ. ಸಿಇಟಿ ಕೂಡ ‘ಸಾಮಾನ್ಯ’ ಪ್ರವೇಶ ಪರೀಕ್ಷೆಯೇ. ಅದೆಷ್ಟು ಸಾಮಾನ್ಯ ಅಂತ ಪಿಯುಸಿ ಮಕ್ಕಳನ್ನು ಕೇಳಿ ನೋಡಿ. ಇಂಗ್ಲಿಷಿನ ‘ಕಾಮನ್’ ಬಂದದ್ದು ಲ್ಯಾಟಿನ್ನಿನ ‘ಕಮ್ಯೂನಿಸ್’ನಿಂದ. ಅಲ್ಲಿಯೂ ಎಲ್ಲರಿಗೂ ಸೇರಿದ್ದು ಎಂಬುದೇ ಅರ್ಥ. ನನ್ನನ್ನು ಕೇಳಿದರೆ ‘ಕೂಡುಪ್ರಾರ್ಥನೆ’ ಎನ್ನಬೇಕು. ಕೂಡುಕುಟುಂಬ ಎನ್ನುವುದಿಲ್ಲವೇ, ಹಾಗೆ.

ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರಲ್ಲಿ ಈ ಪುಸ್ತಕ ತರುವವರೆಗೆ ಇಂಗ್ಲೆಂಡಿನಲ್ಲಿ ಸಾಲ್ಸ್‌ಬರಿಯದ್ದೊಂದು ಆರಾಧನಾ ಪದ್ಧತಿ, ಹೆರೆಫರ್ಡಿನದ್ದೊಂದು, ಯಾರ್ಕಿನದ್ದೊಂದು. ಇನ್ನು ಇಡೀ ರಾಜ್ಯಕ್ಕೆ ಒಂದೇ ಎಂದು ಮುನ್ನುಡಿಯಲ್ಲೇ ಹೇಳಿದೆ. ಅಲ್ಲೇ ಒಂದು ಮಜವಾದ ದೂರೂ ಇದೆ: ಹಳೆಯ ಪುಸ್ತಕಗಳಲ್ಲಿ ಓದುವ ಕೆಲಸಕ್ಕಿಂತ, ಏನು ಓದಬೇಕೆಂದು ಹುಡುಕುವ ಕೆಲಸವೇ ಎಷ್ಟೋ ಸಲ ಜಾಸ್ತಿಯಾಗುತ್ತಿತ್ತಂತೆ.

ಆ ‘ಕೂಡು’ ಹೇಗಿತ್ತು ಎಂದು ತಿಳಿಯಲು 1552ರ ಆವೃತ್ತಿಯಲ್ಲಿ ಬೆಳಗಿನ ಪ್ರಾರ್ಥನೆಗೆ ಸೇರಿದ ತಪ್ಪೊಪ್ಪಿಗೆ ಸಾಕು. ಹಿಂದೆ ಒಬ್ಬೊಬ್ಬರೇ ಪಾದ್ರಿಯ ಮುಂದೆ ಹೋಗಿ ‘ನಾನು ಪಾಪ ಮಾಡಿದೆ’ ಎನ್ನುತ್ತಿದ್ದರು. ಈಗ ಇಡೀ ಸಭೆ ಮೊಣಕಾಲೂರಿ, ಪಾದ್ರಿ ಹೇಳಿಕೊಟ್ಟಂತೆ ಒಟ್ಟಿಗೆ ಹೇಳಬೇಕು: ದಾರಿ ತಪ್ಪಿದ ಕುರಿಗಳಂತೆ ನಾವು ಅಲೆದೆವು, ಮಾಡಬೇಕಾದ್ದನ್ನು ಮಾಡದೆ ಬಿಟ್ಟೆವು. ಓದು ಬಾರದ ರೈತನಿಗೂ ವಾರವಾರ ಹೇಳಿ ಹೇಳಿ ಬಾಯಿಪಾಠ. ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. 1559ರ ಕಾಯ್ದೆಯಂತೆ, ಸರಿಯಾದ ಕಾರಣವಿಲ್ಲದೆ ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ‘ಜನರಿಗಾಗಿ ಬರೆದ ಸರಳ ಪುಸ್ತಕ’ ಎನ್ನುವವರು ಇದನ್ನೂ ಸ್ವಲ್ಪ ನೋಡಲಿ.

ಹಾಗಂತ ಎಲ್ಲರೂ ಕೂಡಲಿಲ್ಲ. ಹೊಸ ಪುಸ್ತಕ ಜಾರಿಗೆ ಬಂದದ್ದು 1549ರ ಜೂನ್ 9ಕ್ಕೆ. ಮರುದಿನವೇ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಹಳ್ಳಿಯವರು ಪಾದ್ರಿಯನ್ನು ಹಿಡಿದು ಹಳೆಯ ಲ್ಯಾಟಿನ್ ಪೂಜೆಯನ್ನೇ ಮಾಡಿಸಿದರು. ದಂಗೆಯೇ ಎದ್ದಿತು. ಪಕ್ಕದ ಕಾರ್ನ್‌ವಾಲಿನವರು ಕೊಟ್ಟ ಕಾರಣ ಬೇರೆ: ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರುವುದಿಲ್ಲ. ಅವರ ಮನೆಮಾತು ಕಾರ್ನಿಷ್. ವೆಲ್ಷ್ ಭಾಷೆಗೆ ಈ ಪುಸ್ತಕ 1567ರಲ್ಲಿ ಬಂತು. ಕಾರ್ನಿಷ್‌ಗೆ ಆ ಕಾಲದಲ್ಲಿ ಬರಲೇ ಇಲ್ಲ.