ಲೋಡ್ ಬ್ಯಾಲೆನ್ಸಿಂಗ್: ಹಂಚುವುದು ಬೇರೆ, ಕೂಡಿಸುವುದು ಬೇರೆ

ಹೋದ ವಾರ ಪರಿಚಯದವರೊಬ್ಬರು ಒಂದು ಕೊಟೇಶನ್ ಕಳಿಸಿ, ‘ಇದು ಸರಿ ಇದೆಯಾ ನೋಡಿ’ ಅಂದರು. ಹದಿನೈದು ಜನ ಕೆಲಸ ಮಾಡುವ ಲೆಕ್ಕಪತ್ರದ ಆಫೀಸು. ತಲಾ 100 ಎಂಬಿಪಿಎಸ್‌ನ ಎರಡು ಫೈಬರ್ ಲೈನ್, ಜೊತೆಗೊಂದು ಡ್ಯುಯಲ್ ವ್ಯಾನ್ ರೂಟರ್, ಅಂದರೆ ಎರಡು ಇಂಟರ್‌ನೆಟ್ ಲೈನ್ ಹಿಡಿಯುವ ರೂಟರ್. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಲೋಡ್ ಬ್ಯಾಲೆನ್ಸಿಂಗ್ ಇದೆ. ಒಟ್ಟು ಸ್ಪೀಡ್ 200 ಎಂಬಿಪಿಎಸ್. ಇಂಟರ್‌ನೆಟ್ ಯಾವತ್ತೂ ನಿಲ್ಲುವುದಿಲ್ಲ.’

ಈ ಮಾತನ್ನು ಇನ್ನೆಷ್ಟು ಸಲ ಓದಬೇಕೋ ಗೊತ್ತಿಲ್ಲ. ಹೊರೆ ಹಂಚುವುದು, ವೇಗ ಕೂಡಿಸುವುದು, ಒಂದು ಲೈನ್ ಹೋದರೆ ಇನ್ನೊಂದಕ್ಕೆ ಹೊರಳುವುದು. ಇವು ಮೂರು ಬೇರೆ ಕೆಲಸಗಳು. ಮೂರಕ್ಕೂ ಬೇರೆ ಹೆಸರಿದೆ, ಬೇರೆ ಖರ್ಚಿದೆ. ಮೂರನ್ನೂ ಲೋಡ್ ಬ್ಯಾಲೆನ್ಸಿಂಗ್ ಅಂತ ಕರೆದರೆ ದುಡ್ಡು ಕೊಡುವವರಿಗೆ ತಾವು ಏನು ಕೊಂಡೆವು ಅನ್ನುವುದೇ ತಿಳಿಯುವುದಿಲ್ಲ.

ಪದವನ್ನೇ ಬಿಡಿಸಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಬ್ಯಾಲೆನ್ಸ್ ಬಂದಿರುವುದು ಲ್ಯಾಟಿನ್‌ನ ‘ಬಿಲ್ಯಾಂಕ್ಸ್’ನಿಂದ. ಬಿ ಅಂದರೆ ಎರಡು, ಲ್ಯಾಂಕ್ಸ್ ಅಂದರೆ ತಟ್ಟೆ. ನಮ್ಮ ಸಂತೆಯ ತಕ್ಕಡಿಯೇ. ಲೋಡ್‌ನ ಕತೆ ಇನ್ನೂ ಚೆನ್ನಾಗಿದೆ. ಹಳೆಯ ಇಂಗ್ಲಿಷ್‌ನಲ್ಲಿ ಅದರ ಅರ್ಥ ಭಾರವಲ್ಲ, ದಾರಿ. ದಾರಿ, ಪಯಣ, ಸಾಗಿಸುವುದು ಅಂತಿದ್ದ ಮಾತು ಬರಬರುತ್ತಾ ಸಾಗಿಸುವ ವಸ್ತುವಿಗೆ, ಆಮೇಲೆ ಅದರ ಭಾರಕ್ಕೆ ಅಂಟಿಕೊಂಡಿತು. ಕರೆದೊಯ್ಯುವುದು ಅನ್ನುವ ಅರ್ಥದ ‘ಲೀಡ್’ ಇದರ ಬಳಗದ್ದೇ. ಗಣಿಯಲ್ಲಿ ಬಂಡೆಯೊಳಗೆ ಅದಿರು ಹಬ್ಬಿರುವ ಪಟ್ಟೆಗೂ ‘ಲೋಡ್’ ಅನ್ನುತ್ತಾರೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ಲೋಡ್ ಹೆಸರಿನಲ್ಲಿರುವುದು ಅದೇ ಪದ. ಇಂಗ್ಲಿಷ್ ಕಾಗುಣಿತ ಒಂದಿಷ್ಟು ಬೇರೆ, ಬೇರು ಒಂದೇ. ಇನ್ನು ರೂಟರ್‌ನ ‘ರೂಟ್’ ಲ್ಯಾಟಿನ್‌ನ ‘ರುಪ್ತಾ’ದಿಂದ ಬಂದದ್ದು. ಹಾಗಂದರೆ ಒಡೆದು ಮಾಡಿದ ದಾರಿ.

ಅಂದರೆ ಈ ಮಾತುಗಳಲ್ಲಿ ದಾರಿ ಇದೆ, ಹೊರೆ ಇದೆ, ತಕ್ಕಡಿ ಇದೆ. ಕೂಡುವ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಎರಡು ತಟ್ಟೆಗೆ ಅಕ್ಕಿ ಹಂಚಿದರೆ ಅಕ್ಕಿ ಜಾಸ್ತಿ ಆಗುವುದಿಲ್ಲ, ಅಲ್ವಾ? ಮನೆಗೆ ವೈರಿಂಗ್ ಮಾಡುವವರು ಇದೇ ಮಾತನ್ನು ಸರಿಯಾಗಿ ಬಳಸುತ್ತಾರೆ. ಮೂರು ಫೇಸ್ ಇದ್ದರೆ ಗೀಸರ್ ಒಂದಕ್ಕೆ, ಎಸಿ ಒಂದಕ್ಕೆ, ಪಂಪ್ ಇನ್ನೊಂದಕ್ಕೆ ಕೊಟ್ಟು ‘ಲೋಡ್ ಬ್ಯಾಲೆನ್ಸ್ ಮಾಡಿದೀನಿ’ ಅನ್ನುತ್ತಾರೆ. ಒಂದೇ ಗೀಸರ್‌ಗೆ ಮೂರು ಪಟ್ಟು ಕರೆಂಟ್ ಕೊಟ್ಟೆ ಅಂತ ಯಾರೂ ಹೇಳುವುದಿಲ್ಲ.

ನೆಟ್‌ವರ್ಕ್‌ನಲ್ಲೂ ಅಷ್ಟೇ. ರೂಟರ್ ಹಂಚುವುದು ಕನೆಕ್ಷನ್‌ಗಳನ್ನು. ಒಬ್ಬರು ಮೇಲ್ ತೆರೆದರೆ ಆ ಕನೆಕ್ಷನ್ ಮೊದಲ ಲೈನಿಗೆ, ಇನ್ನೊಬ್ಬರು ವಿಡಿಯೊ ಕಾಲ್ ಮಾಡಿದರೆ ಅದು ಎರಡನೆಯದಕ್ಕೆ. ಒಂದು ಕನೆಕ್ಷನ್ ಹಿಡಿದ ದಾರಿಯನ್ನು ಕೊನೆಯವರೆಗೂ ಬಿಡುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಮಂಡ್ಯದ ಮೇಲೂ ಹೋಗಬಹುದು, ಕನಕಪುರ–ಮಳವಳ್ಳಿ ಮೇಲೂ ಹೋಗಬಹುದು. ಇಪ್ಪತ್ತು ಬಸ್ಸಿದ್ದರೆ ಹತ್ತನ್ನು ಅಲ್ಲಿ, ಹತ್ತನ್ನು ಇಲ್ಲಿ ಬಿಡಬಹುದು. ಆಗ ಎರಡೂ ರಸ್ತೆಯಲ್ಲಿ ನೂಕುನುಗ್ಗಲು ಕಡಿಮೆ. ಆದರೆ ಒಂದೇ ಬಸ್ಸು ಅರ್ಧ ಮಂಡ್ಯದ ಮೇಲೆ, ಅರ್ಧ ಕನಕಪುರದ ಮೇಲೆ ಹೋಗಲಾರದು.

ಯಾಕೆ ಹೋಗಲಾರದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲಿ. ಎರಡು ಕಂಪನಿಯ ಎರಡು ಲೈನ್ ಅಂದರೆ ನಿಮ್ಮ ಆಫೀಸಿಗೆ ಎರಡು ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಎರಡು ಸಂಖ್ಯೆ. ಆಚೆ ಇರುವ ಸರ್ವರ್ ನಿಮ್ಮ ಕನೆಕ್ಷನ್ ಅನ್ನು ಗುರುತಿಸುವುದು ಸಾಮಾನ್ಯವಾಗಿ ನಾಲ್ಕು ಗುರುತಿನಿಂದ: ನಿಮ್ಮ ಐಪಿ, ನಿಮ್ಮ ಪೋರ್ಟ್, ಅದರ ಐಪಿ, ಅದರ ಪೋರ್ಟ್. ಪೋರ್ಟ್ ಅಂದರೆ ಒಂದೇ ವಿಳಾಸದ ಹಲವು ಕನೆಕ್ಷನ್‌ಗಳನ್ನು ಬೇರ್ಪಡಿಸುವ ಸಂಖ್ಯೆ. ಮೊದಲ ಲೈನಿನಲ್ಲಿ ಶುರುವಾದ ಕನೆಕ್ಷನ್‌ನ ಅರ್ಧ ಪ್ಯಾಕೆಟ್‌ಗಳನ್ನು (ಡೇಟಾದ ಸಣ್ಣ ತುಂಡುಗಳನ್ನು) ಎರಡನೇ ಲೈನಿನಿಂದ ಕಳಿಸಿದರೆ ಅವು ಬೇರೆ ಐಪಿ ಹೊತ್ತು ಹೋಗುತ್ತವೆ. ಸರ್ವರ್‌ಗೆ ಅವು ಯಾರೋ ಅಪರಿಚಿತರ ಪ್ಯಾಕೆಟ್‌ಗಳು. ತೆಗೆದುಕೊಳ್ಳುವುದೇ ಇಲ್ಲ. ಎಷ್ಟು ದುಬಾರಿ ರೂಟರ್ ತಂದರೂ ಇದು ಬದಲಾಗುವುದಿಲ್ಲ.

ಕೂಡಿಸುವ ಕೆಲಸಕ್ಕೆ ಇರುವ ಹೆಸರು ಬಾಂಡಿಂಗ್. ಅದು ಸಾಧ್ಯ. ಆದರೆ ಒಂದು ಕಡೆಯಿಂದ ಆಗುವುದಿಲ್ಲ. ಇಲ್ಲಿ ಸೀಳಿದ್ದನ್ನು ಆಚೆ ಕಡೆ ಮತ್ತೆ ಹೆಣೆಯುವವರು ಇರಲೇಬೇಕು. ಐಎಸ್‌ಡಿಎನ್ ಅನ್ನುವ ಹಳೆಯ ಡಿಜಿಟಲ್ ಫೋನ್ ಲೈನಿನ ಕಾಲದಲ್ಲಿ 64 ಕೆಬಿಪಿಎಸ್‌ನ ಎರಡು ಚಾನೆಲ್ ಸೇರಿಸಿ 128 ಮಾಡುತ್ತಿದ್ದರು. ಅದಕ್ಕೆ ಮಲ್ಟಿಲಿಂಕ್ ಪಿಪಿಪಿ ಅಂತ ವಿಧಾನವಿತ್ತು. ಅದರ ನಿಯಮವನ್ನು 1996ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ನಿಯಮಪತ್ರಗಳ ಸಾಲಿನಲ್ಲಿ 1990ನೇ ಸಂಖ್ಯೆಯದಾಗಿ ಪ್ರಕಟಿಸಿದರು. ಅಲ್ಲಿ ಎರಡೂ ಚಾನೆಲ್ ಒಂದೇ ಕಂಪನಿಯದು, ಹೆಣೆಯುವ ಯಂತ್ರವೂ ಅವರದೇ. ಹಾಗಾಗಿ ಲೆಕ್ಕ ಕೂಡುತ್ತಿತ್ತು. ಈಗ ಎರಡು ಬೇರೆ ಕಂಪನಿಯ ಲೈನ್ ಹೆಣೆಯಬೇಕು ಅಂದರೆ ಯಾವುದಾದರೂ ಡೇಟಾ ಸೆಂಟರ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದು, ಎಲ್ಲವನ್ನೂ ಅದರ ಮೂಲಕ ಹಾಯಿಸಬೇಕು. ಅದಕ್ಕೆ ತಿಂಗಳ ಖರ್ಚಿದೆ, ಪ್ಯಾಕೆಟ್ ಸುತ್ತಿ ಬರುವ ವಿಳಂಬವೂ ಇದೆ. ಆ ಕೊಟೇಶನ್‌ನಲ್ಲಿ ಅಂಥ ಸರ್ವರ್‌ನ ಸುದ್ದಿಯೇ ಇರಲಿಲ್ಲ. ಹಾಗಿದ್ದಮೇಲೆ 200 ಎಂದು ಬರೆದದ್ದು ತಪ್ಪು.

‘ಆದರೆ ಸ್ಪೀಡ್ ಟೆಸ್ಟ್‌ನಲ್ಲಿ 190 ತೋರಿಸ್ತು’ ಅನ್ನುವವರಿದ್ದಾರೆ. ತೋರಿಸಬಹುದು. ಸ್ಪೀಡ್ ಟೆಸ್ಟ್ ಒಟ್ಟಿಗೆ ಹಲವು ಕನೆಕ್ಷನ್ ತೆರೆಯುತ್ತದೆ, ರೂಟರ್ ಅವುಗಳನ್ನು ಎರಡೂ ಲೈನಿಗೆ ಹಂಚುತ್ತದೆ. ಒಂದು ಫೈಲನ್ನು ಹಲವರಿಂದ ತುಂಡುತುಂಡಾಗಿ ತರಿಸುವ ಟೊರೆಂಟ್‌ನಲ್ಲೂ ಹಾಗೇ. ಆದರೆ ಒಂದೇ ಕನೆಕ್ಷನ್‌ನಲ್ಲಿ ಒಂದು ದೊಡ್ಡ ಬ್ಯಾಕಪ್ ಫೈಲ್ ಕಳಿಸಿ ನೋಡಿ. 100ಕ್ಕೆ ನಿಲ್ಲುತ್ತದೆ. ಎಂಬಿಪಿಎಸ್ ಅಳೆಯುವುದು ಬಿಟ್‌ಗಳನ್ನು, ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ಇನ್ನೊಂದು ವಿಷಯ. ರೂಟರ್‌ನ ತಕ್ಕಡಿ ಸಾಮಾನ್ಯವಾಗಿ ತೂಕ ನೋಡುವುದಿಲ್ಲ, ಎಣಿಕೆ ನೋಡುತ್ತದೆ. ಎರಡು ಕಿಲೋಬೈಟ್‌ನ ಕನೆಕ್ಷನ್ ಕೂಡ ಒಂದು, ಇಪ್ಪತ್ತು ಜಿಬಿಯದೂ ಒಂದು. ಅದಕ್ಕೇ ಒಂದು ಲೈನ್ ತುಂಬಿ ತುಳುಕುವಾಗ ಇನ್ನೊಂದು ಸುಮ್ನೆ ಖಾಲಿ ಇರುವುದನ್ನು ನೋಡುತ್ತೇವೆ. ರೂಟರ್ ಕೆಟ್ಟಿದೆ ಅಂತ ಬದಲಾಯಿಸಬೇಕಾಗಿಲ್ಲ. ಜನ ಹೆಚ್ಚಿದಷ್ಟೂ ಹಂಚಿಕೆ ಸಮವಾಗುತ್ತಾ ಬರುತ್ತದೆ.

ಬ್ಯಾಂಕಿನ ವೆಬ್‌ಸೈಟ್ ಪದೇಪದೇ ಲಾಗೌಟ್ ಮಾಡುತ್ತದೆ ಅನ್ನುವ ದೂರಿಗೂ ಕಾರಣ ಇದೇ ಆಗಿರಬಹುದು. ಒಂದು ಪುಟ ಒಂದು ಐಪಿಯಿಂದ, ಮುಂದಿನದು ಇನ್ನೊಂದರಿಂದ ಹೋದರೆ ಕೆಲವು ಸೈಟ್‌ಗಳು ಅನುಮಾನಪಟ್ಟು ಸೆಷನ್ ಮುಗಿಸುತ್ತವೆ. ಒಂದು ಕಂಪ್ಯೂಟರಿನಿಂದ ಒಂದು ಸೈಟಿಗೆ ಹೋಗುವುದೆಲ್ಲ ಒಂದೇ ಲೈನಿನಲ್ಲಿ ಹೋಗಲಿ ಅಂತ ರೂಟರ್‌ನಲ್ಲಿ ಹೇಳಿಬಿಟ್ಟರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

ಇನ್ನು ‘ಯಾವತ್ತೂ ನಿಲ್ಲುವುದಿಲ್ಲ’ ಅನ್ನುವ ಭರವಸೆ. ಇದರ ಸರಿಯಾದ ಹೆಸರು ಫೇಲ್‌ಓವರ್. ಜನರೇಟರ್ ಇರುವ ಕಟ್ಟಡಗಳಲ್ಲಿ ಚೇಂಜ್‌ಓವರ್ ಸ್ವಿಚ್ ಇರುತ್ತದಲ್ಲ, ಅದೇ ಕೆಲಸ. ಆದರೆ ಕರೆಂಟ್ ಹೋದದ್ದು ಕತ್ತಲಾದ ಕೂಡಲೇ ಗೊತ್ತಾಗುತ್ತದೆ, ಇಂಟರ್‌ನೆಟ್ ಹೋದದ್ದು ರೂಟರ್‌ಗೆ ಹಾಗೆ ಗೊತ್ತಾಗುವುದಿಲ್ಲ. ಫೈಬರ್ ಎರಡು ಕಿಲೋಮೀಟರ್ ಆಚೆ ತುಂಡಾಗಿದ್ದರೂ, ಗೋಡೆಯ ಮೇಲಿನ ಡಬ್ಬಿಗೂ ರೂಟರ್‌ಗೂ ನಡುವಿನ ಕೇಬಲ್ ಜೀವಂತವಾಗಿಯೇ ಇರುತ್ತದೆ. ರೂಟರ್ ‘ಲೈನ್ ಇದೆ’ ಅಂತಲೇ ನಂಬಿರುತ್ತದೆ. ಆದ್ದರಿಂದ 8.8.8.8 ಅಥವಾ 1.1.1.1ರಂಥ ದೂರದ ವಿಳಾಸಕ್ಕೆ ಆಗಾಗ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ) ಕಳಿಸಿ ಪರೀಕ್ಷಿಸುವಂತೆ ಹೇಳಿರಬೇಕು. ಐದು ಸೆಕೆಂಡಿಗೊಮ್ಮೆ ಪಿಂಗ್, ಮೂರು ಸಲ ಉತ್ತರ ಬರದಿದ್ದರೆ ಹೊರಳು ಅಂದರೆ ಸುಮಾರು ಹದಿನೈದು ಸೆಕೆಂಡು ಹೋಯಿತು. ಹೊರಳಿದ ಮೇಲೂ ಐಪಿ ಬದಲಾಗಿರುವುದರಿಂದ ನಡೆಯುತ್ತಿದ್ದ ವಿಡಿಯೊ ಕಾಲ್, ರಿಮೋಟ್ ಡೆಸ್ಕ್‌ಟಾಪ್, ವಿಪಿಎನ್ ಎಲ್ಲ ಸಾಮಾನ್ಯವಾಗಿ ಕಡಿದು ಮತ್ತೆ ಶುರುವಾಗಬೇಕು. ಐಪಿಯೂ ಬದಲಾಗಬಾರದು ಅಂದರೆ ಸ್ವಂತ ಐಪಿ ವಿಳಾಸಗಳು ಮತ್ತು ಅವು ಯಾವ ದಾರಿಯಲ್ಲಿ ಸಿಗುತ್ತವೆಂದು ಇಂಟರ್‌ನೆಟ್‌ಗೆ ಸಾರುವ ಬಿಜಿಪಿ ಎಂಬ ವಿಧಾನ ಬೇಕು. ಅದಕ್ಕೆ ಕನಿಷ್ಠ 256 ವಿಳಾಸಗಳ ಗುಂಪು ಇರಬೇಕಾಗುತ್ತದೆ. ಹದಿನೈದು ಜನರ ಆಫೀಸಿಗೆ ಅದು ಅತಿಯಾಯಿತು.

ಎರಡು ಲೈನ್ ನಿಜವಾಗಿ ಎರಡೇನಾ ಅನ್ನುವುದನ್ನು ಬಹಳ ಜನ ಕೇಳುವುದೇ ಇಲ್ಲ. ಎರಡು ಕಂಪನಿ, ಎರಡು ಬಿಲ್ ಇರಬಹುದು. ಆದರೆ ಎರಡು ಕೇಬಲ್ಲೂ ಒಂದೇ ಕಂಬದ ಮೇಲೆ, ಒಂದೇ ಮರದ ಕೊಂಬೆಗೆ ಸುತ್ತಿಕೊಂಡು ಬಂದಿದ್ದರೆ ಒಂದು ಕೊಂಬೆ ಬಿದ್ದರೆ ಮುಗಿಯಿತು. ರಸ್ತೆ ಅಗೆಯುವ ಜೆಸಿಬಿಗೆ ಕಂಪನಿಯ ಹೆಸರು ಗೊತ್ತಿಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸೀ-ಮಿ-ವಿ 4 ಮತ್ತು ಫ್ಲ್ಯಾಗ್ ಎಂಬ ಎರಡು ಸಮುದ್ರದಡಿಯ ಕೇಬಲ್‌ಗಳು ಒಂದೇ ದಿನ ತುಂಡಾದವು. ಭಾರತದ ಇಂಟರ್‌ನೆಟ್‌ಗೆ ದೊಡ್ಡ ಪೆಟ್ಟು ಬಿತ್ತು. ಬೇರೆ ಬೇರೆ ಕೇಬಲ್, ಆದರೆ ಹಾದುಹೋದದ್ದು ಒಂದೇ ಕಡಲತೀರ.

ನನ್ನ ಪರಿಚಯದವರ ಆಫೀಸಿನಲ್ಲಿ ಒಟ್ಟು ಬಳಕೆ 60 ಎಂಬಿಪಿಎಸ್ ದಾಟಿದ್ದೇ ಇಲ್ಲ. ಅವರಿಗೆ ಹಂಚುವುದೂ ಬೇಕಿರಲಿಲ್ಲ, ಕೂಡಿಸುವುದೂ ಬೇಕಿರಲಿಲ್ಲ. ಬೇಕಿದ್ದದ್ದು ಫೇಲ್‌ಓವರ್ ಮಾತ್ರ. ಆದರೆ ಅವರ ಒಬ್ಬ ದೊಡ್ಡ ಕಕ್ಷಿದಾರರ ಸರ್ವರ್ ಈ ಆಫೀಸಿನ ಒಂದೇ ಐಪಿಗೆ ಬಾಗಿಲು ತೆರೆಯುತ್ತದೆ. ಎರಡನೇ ಲೈನಿಗೆ ಹೊರಳಿದ ಕ್ಷಣ ಇಂಟರ್‌ನೆಟ್ ಇದ್ದರೂ ಆ ಕೆಲಸ ನಿಂತುಹೋಗುತ್ತಿತ್ತು. ಕೊಟೇಶನ್‌ನಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಈಗ ಎರಡನೇ ಲೈನಿಗೂ ಸ್ಟ್ಯಾಟಿಕ್ (ಬದಲಾಗದ) ಐಪಿ ಕೇಳಿದ್ದಾರೆ, ಕೇಬಲ್ ಹಿಂದಿನ ಓಣಿಯಿಂದ ಬರುತ್ತದೆ. ಹೊಸ ಐಪಿಯನ್ನೂ ಪಟ್ಟಿಗೆ ಸೇರಿಸಿ ಅಂತ ಕಕ್ಷಿದಾರರಿಗೆ ಸೋಮವಾರ ಮೇಲ್ ಹೋಗಿದೆ.